ಒಂದೇ ಬ್ಲಾಗ್ ಥೀಮ್, ಹಲವು ಸಾಧನ: ಕಟ್ಟಿ ನೋಡಿದ ಮೇಲೆ ಅನಿಸಿದ್ದು

ಬ್ಲಾಗ್‌ಗೆ ಸ್ವಂತ ಥೀಮ್ ಮಾಡಬೇಕು ಅಂತ ಹೊರಟವರಿಗೆ ಸಾಧನಗಳ ಕೊರತೆ ಇಲ್ಲ. ತೊಂದರೆ ಇರುವುದೇ ಅಲ್ಲಿ. ಒಬ್ಬರು ವಿನ್ಯಾಸ ಬಿಡಿಸುವ ಫಿಗ್ಮಾ ಕಲಿ ಅನ್ನುತ್ತಾರೆ, ಇನ್ನೊಬ್ಬರು ಸಿದ್ಧ ಸ್ಟೈಲ್‌ಗಳ ಟೇಲ್‌ವಿಂಡ್, ಮತ್ತೊಬ್ಬರು ಸೈಟ್ ಕಟ್ಟಿಕೊಡುವ ಹ್ಯೂಗೋ. ಹಾಗಾಗಿ ಒಂದು ಸರಳ ವಿನ್ಯಾಸ ಇಟ್ಟುಕೊಂಡು ಅದನ್ನೇ ಬೇರೆ ಬೇರೆ ಕಡೆ ಕಟ್ಟಿ ನೋಡಿದೆ. ಬರಹಗಳ ಪಟ್ಟಿ ಇರುವ ಮುಖಪುಟ, ಒಂದು ಬರಹದ ಪುಟ, ಟ್ಯಾಗ್ ಪುಟ, ಏನೂ ಸಿಗದಾಗ ಬರುವ 404 ಪುಟ. ಅಷ್ಟೇ.

ಎಲ್ಲಕ್ಕೂ ಒಂದೇ ಪರೀಕ್ಷೆ. ಮೂರು ಸಾಲು ಹಿಡಿಯುವ ಶೀರ್ಷಿಕೆ, ಚಿತ್ರವೇ ಇಲ್ಲದ ಬರಹ, ಪರದೆಗಿಂತ ಅಗಲದ ಟೇಬಲ್, ಪಟ್ಟಿಯೊಳಗೆ ಇನ್ನೊಂದು ಪಟ್ಟಿ. ಇಂಥ ಒರಟು ಸರಕು ತುಂಬಿದಾಗ ಥೀಮ್ ಎಲ್ಲಿ ಒಡೆಯುತ್ತದೆ? ಒಡೆದದ್ದನ್ನು ಕಂಡು ಸರಿಪಡಿಸಲು ಆ ಸಾಧನ ಎಷ್ಟು ಬೇಗ ಬಿಡುತ್ತದೆ? ಥೀಮ್ ಅಂದರೆ ಇನ್ನೂ ಬರೆಯದ ಬರಹಗಳಿಗೆ ಮಾಡುವ ವಿನ್ಯಾಸ. ಅಳತೆ ಕೊಡದ ಗಿರಾಕಿಗೆ ಅಂಗಿ ಹೊಲಿದ ಹಾಗೆ. ಬ್ಲಾಗ್ ನಡೆಸುವ ವೇದಿಕೆಯಾದ ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆಂದೇ ‘ಥೀಮ್ ಯೂನಿಟ್ ಟೆಸ್ಟ್’ ಎಂಬ ಮಾದರಿ ಬರಹಗಳ ಫೈಲ್ ಸಿಗುತ್ತದೆ. ನೀವು ಯಾವ ವೇದಿಕೆಯಲ್ಲಿ ಕೆಲಸ ಮಾಡಿದರೂ ಅದನ್ನು ಒಮ್ಮೆ ತೆರೆದು ನೋಡಿ. ಬರೆಯುವವರು ಏನೇನು ತಂದು ತುಂಬಬಹುದು ಅನ್ನೋದು ಗೊತ್ತಾಗುತ್ತದೆ.

ಚಿತ್ರ ಬಿಡಿಸೋದಾ, ನೇರ ಬ್ರೌಸರಾ?

ಫಿಗ್ಮಾ ಕೈಗೆ ಹಗುರ. ತಾನೇ ಜೋಡಿಸಿಕೊಳ್ಳುವ ಆಟೋ ಲೇಔಟ್, ಮತ್ತೆ ಮತ್ತೆ ಬಳಸುವ ಕಾಂಪೊನೆಂಟ್, ಬಣ್ಣಗಳಿಗೆ ಹೆಸರಿಡುವ ವೇರಿಯೇಬಲ್, ಎಲ್ಲ ಇದೆ. ಕಲಿಸುವ ವಿಡಿಯೋಗಳೂ ಬೇಕಾದಷ್ಟು. ಆದರೆ ಅಲ್ಲಿ ಶೀರ್ಷಿಕೆ ಯಾವತ್ತೂ ನಾವು ಟೈಪ್ ಮಾಡಿದಷ್ಟೇ ಉದ್ದ ಇರುತ್ತದೆ. ಚಿತ್ರ ಯಾವತ್ತೂ ಸರಿಯಾದ ಆಕಾರದಲ್ಲೇ ಇರುತ್ತದೆ. ಹತ್ತಾರು ಬಗೆಯ ಪರದೆ ಇರುವ ಆಪ್ ಮಾಡುವವರಿಗೆ ಇದು ಬೇಕು, ಒಪ್ಪುತ್ತೇನೆ. ಬ್ಲಾಗ್‌ನಲ್ಲಿ ಇರುವುದು ಹೆಚ್ಚುಕಮ್ಮಿ ಒಂದೇ ಪುಟ, ಅಲ್ವಾ? ಬರಹದ ಪುಟ. ಅದನ್ನು ಎರಡು ಸಲ ಮಾಡುವುದೇಕೆ, ಒಮ್ಮೆ ಚಿತ್ರವಾಗಿ, ಇನ್ನೊಮ್ಮೆ ಕೋಡ್ ಆಗಿ?

ಪೆನ್‌ಪಾಟ್ ಕೂಡ ಇಂಥದೇ ಸಾಧನ, ಆದರೆ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದದ್ದು. ಬೇಕಾದರೆ ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ನಯ ನಾಜೂಕಿನ ವಿಷಯದಲ್ಲಿ ಫಿಗ್ಮಾ ಒಂದು ಹೆಜ್ಜೆ ಮುಂದೆ ಅನಿಸಿತು. ಆದರೂ ಹೊಸಬರಿಗೆ ನಾನು ಪೆನ್‌ಪಾಟ್ ಅನ್ನೇ ಹೇಳುತ್ತೇನೆ. ಅದರ ಫ್ಲೆಕ್ಸ್ (ಸಾಲಾಗಿ ಜೋಡಿಸುವ) ಮತ್ತು ಗ್ರಿಡ್ (ಚೌಕಗಳಲ್ಲಿ ಜೋಡಿಸುವ) ಲೇಔಟ್‌ಗಳು, ಪುಟದ ಅಂದ ಹೇಳುವ ಭಾಷೆಯಾದ ಸಿಎಸ್ಎಸ್‌ನ ಪದಗಳನ್ನೇ ಬಳಸುತ್ತವೆ. ಅಲ್ಲಿ ಗ್ಯಾಪ್, ಅಲೈನ್, ಜಸ್ಟಿಫೈ ಅಂತ ಆಡಿದ್ದು ಮುಂದೆ ಕೋಡ್ ಬರೆಯುವಾಗ ಹಾಗೇ ಕೈಗೆ ಬರುತ್ತದೆ.

ಆದರೆ ಇವೆರಡಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಬ್ರೌಸರಿನಲ್ಲೇ ಇರುವ ಇನ್‌ಸ್ಪೆಕ್ಟರ್, ಅಂದರೆ ಪುಟದ ಕೋಡ್ ತೆರೆದು ತೋರಿಸುವ ಸಾಧನ. ಫೈರ್‌ಫಾಕ್ಸ್‌ನಲ್ಲಿ ಗ್ರಿಡ್ ಗೆರೆಗಳನ್ನು ಪುಟದ ಮೇಲೆಯೇ ಎಳೆದು ತೋರಿಸುವ ಸೌಲಭ್ಯ 2017ರಿಂದ ಇದೆ. ಕ್ರೋಮ್‌ನಲ್ಲಿ ‘ಲೋಕಲ್ ಓವರ್‌ರೈಡ್ಸ್’ ಇದೆ. ಅದನ್ನು ಹಾಕಿಕೊಂಡರೆ ಯಾವುದೇ ಸೈಟಿನ ಸಿಎಸ್ಎಸ್ ಅನ್ನು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಬದಲಿಸಬಹುದು. ಪುಟ ರೀಲೋಡ್ ಮಾಡಿದರೂ ಬದಲಾವಣೆ ಉಳಿಯುತ್ತದೆ. ಇಷ್ಟವಾದ ಒಂದು ಬ್ಲಾಗ್ ತೆರೆದು ಅದರ ಅಕ್ಷರ, ಅಂತರ, ಅಗಲ ಎಲ್ಲ ತಿದ್ದುತ್ತಾ ಕೂತರೆ ಖಾಲಿ ಕ್ಯಾನ್ವಾಸಿನ ಭಯವೇ ಇರುವುದಿಲ್ಲ. ಕಣ್ಣೆದುರು ಇರುವುದು ನಿಜವಾದ ಬರಹ, ನಿಜವಾದ ಉದ್ದದ ಶೀರ್ಷಿಕೆ.

ವರ್ಡ್‌ಪ್ರೆಸ್: ಹಳೆ ದಾರಿ, ಹೊಸ ದಾರಿ

ಇಲ್ಲಿ ಎರಡು ಬೇರೆಯದೇ ಲೋಕಗಳಿವೆ. ಕಲಿಯಲು ಹೊರಟವರು ಇದನ್ನು ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ ಒಂದರ ಪಾಠ ಓದಿ ಇನ್ನೊಂದರಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ.

ಹಳೆಯದು ಕ್ಲಾಸಿಕ್ ಥೀಮ್. ಸರ್ವರಿನಲ್ಲಿ ಓಡುವ ಪಿಎಚ್‌ಪಿ ಭಾಷೆಯ ಫೈಲ್‌ಗಳು. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಟೆಂಪ್ಲೇಟ್‌ಗಳ, ಅಂದರೆ ಪುಟದ ಅಚ್ಚುಗಳ, ಶ್ರೇಣಿ. ಒಂದು ಬರಹ ತೋರಿಸಬೇಕಾದಾಗ ವರ್ಡ್‌ಪ್ರೆಸ್ ಮೊದಲು ಆ ಬಗೆಯ ಬರಹಕ್ಕೇ ಮೀಸಲಾದ ಫೈಲ್ ಹುಡುಕುತ್ತದೆ. ಇಲ್ಲದಿದ್ದರೆ ‘ಸಿಂಗಲ್’, ಅದೂ ಇಲ್ಲದಿದ್ದರೆ ‘ಸಿಂಗ್ಯುಲರ್’, ಕೊನೆಗೆ ‘ಇಂಡೆಕ್ಸ್’. ಹಾಗಾಗಿ ಇಂಡೆಕ್ಸ್ ಮತ್ತು ಸ್ಟೈಲ್ ಎಂಬ ಎರಡೇ ಫೈಲ್‌ಗಳಿಂದ ಥೀಮ್ ಶುರು ಮಾಡಬಹುದು. ಬೇಕು ಅನಿಸಿದಾಗ ಒಂದೊಂದೇ ಸೇರಿಸುತ್ತಾ ಹೋಗಬಹುದು. ಕಲಿಯುವವರಿಗೆ ಇಷ್ಟು ಮೆಲ್ಲಗೆ ಏರುವ ಮೆಟ್ಟಿಲು ಬೇರೆಲ್ಲೂ ಕಾಣಲಿಲ್ಲ.

ಹೊಸದು ಬ್ಲಾಕ್ ಥೀಮ್. 2022ರ ಜನವರಿಯಲ್ಲಿ ಬಂದ 5.9 ಆವೃತ್ತಿಯಿಂದ ಇದು ಮುಖ್ಯ ದಾರಿಯಾಯಿತು. ಬಣ್ಣ, ಅಕ್ಷರದ ಗಾತ್ರ, ಅಂತರ ಎಲ್ಲವೂ ಒಂದು ಜೇಸನ್ ಫೈಲಿನಲ್ಲಿ, ಅಂದರೆ ಹೆಸರು ಮತ್ತು ಅದರ ಮೌಲ್ಯಗಳ ಪಟ್ಟಿಯಲ್ಲಿ. ಪುಟದ ಚೌಕಟ್ಟನ್ನು ಸೈಟ್ ಎಡಿಟರಿನಲ್ಲಿ ಎಳೆದು ಬಿಟ್ಟು ಕಟ್ಟಬಹುದು. ಕೋಡ್ ಬರೆಯದೆ ಕಟ್ಟಿದ್ದನ್ನು ‘ಕ್ರಿಯೇಟ್ ಬ್ಲಾಕ್ ಥೀಮ್’ ಪ್ಲಗಿನ್ ಮೂಲಕ ಥೀಮ್ ಆಗಿ ಹೊರಗೆ ತೆಗೆಯಬಹುದು. ಕೇಳಲು ಚೆನ್ನಾಗಿದೆ, ಮಾಡಲೂ ಚೆನ್ನಾಗಿದೆ. ಒಂದು ಗಂಟು ಮಾತ್ರ ಎಲ್ಲರನ್ನೂ ಕಾಡುತ್ತದೆ. ಸೈಟ್ ಎಡಿಟರಿನಲ್ಲಿ ಮಾಡಿದ ಬದಲಾವಣೆ ಥೀಮ್ ಫೈಲಿಗೆ ಹೋಗುವುದಿಲ್ಲ, ಡೇಟಾಬೇಸಿಗೆ ಹೋಗುತ್ತದೆ. ಮತ್ತೆ ಅದಕ್ಕೇ ಮೊದಲ ಮಣೆ. ಫೈಲಿನಲ್ಲಿ ಏನೇ ತಿದ್ದಿದರೂ ಪುಟ ಮಾತ್ರ ಕದಲುವುದಿಲ್ಲ. ಆ ಟೆಂಪ್ಲೇಟನ್ನು ರೀಸೆಟ್ ಮಾಡಬೇಕು, ಅಥವಾ ಪ್ಲಗಿನ್‌ನಿಂದ ಬದಲಾವಣೆಯನ್ನು ಫೈಲಿಗೆ ಇಳಿಸಬೇಕು. ಇದು ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆ.

ಎರಡರಲ್ಲಿ ಯಾವುದು? ಬೇರೆಯವರಿಗೆ ಬ್ಲಾಗ್ ಮಾಡಿಕೊಟ್ಟು, ಅವರೇ ಮುಂದೆ ಬಣ್ಣ ಬದಲಿಸಿಕೊಳ್ಳಲಿ ಅನ್ನುವುದಾದರೆ ಬ್ಲಾಕ್ ಥೀಮ್. ಪುಟ ಹೇಗೆ ಹುಟ್ಟುತ್ತದೆ ಅಂತ ಒಳಗಿನಿಂದ ಅರಿಯಬೇಕಾದರೆ ಕ್ಲಾಸಿಕ್. ಎರಡನ್ನೂ ಪ್ರಯತ್ನಿಸಲು ‘ವರ್ಡ್‌ಪ್ರೆಸ್ ಪ್ಲೇಗ್ರೌಂಡ್’ ಇದೆ. ಪಿಎಚ್‌ಪಿಯನ್ನು ಬ್ರೌಸರ್ ಓಡಿಸಬಲ್ಲ ವೆಬ್‌ಅಸೆಂಬ್ಲಿಗೆ ಇಳಿಸಿ ಇಡೀ ವರ್ಡ್‌ಪ್ರೆಸ್ ಅನ್ನು ಬ್ರೌಸರಿನೊಳಗೇ ಓಡಿಸುತ್ತಾರೆ. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಸುಮ್ನೆ ಹೋಗಿ ಕೆಡವಿ ಬರಬಹುದು.

ಉಳಿದ ವೇದಿಕೆಗಳು

ಘೋಸ್ಟ್ ಇನ್ನೊಂದು ಬ್ಲಾಗ್ ವೇದಿಕೆ, ಅದರ ಥೀಮ್‌ಗಳು ಹ್ಯಾಂಡಲ್‌ಬಾರ್ಸ್ ಎಂಬ ಟೆಂಪ್ಲೇಟ್ ಭಾಷೆಯಲ್ಲಿ. ಅದರಲ್ಲಿ ತರ್ಕ ಬರೆಯಲು ಜಾಗ ಕಡಿಮೆ, ಹಾಗಾಗಿ ಫೈಲ್‌ಗಳು ಚೊಕ್ಕವಾಗಿರುತ್ತವೆ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಬಲ್ಲವರಿಗೆ ಓದಿದರೆ ಅರ್ಥವಾಗುತ್ತದೆ. ‘ಜಿಸ್ಕ್ಯಾನ್’ ಎಂಬ ಘೋಸ್ಟ್‌ನದೇ ಪರೀಕ್ಷಕ ಥೀಮ್ ನೋಡಿ ಏನು ಬಿಟ್ಟಿದೆ ಅಂತ ಹೇಳುತ್ತದೆ. ಬರೆಯುವವರು ಚಿತ್ರವನ್ನು ‘ಅಗಲ’ ಅಥವಾ ‘ಪೂರ್ತಿ ಅಗಲ’ ಅಂತ ಗುರುತಿಸಬಹುದು, ಅದಕ್ಕೆ ಬೇಕಾದ ಸ್ಟೈಲ್ ಥೀಮಿನಲ್ಲಿ ಇರಲೇಬೇಕು. ಮರೆತರೆ ಜಿಸ್ಕ್ಯಾನ್ ಬಿಡುವುದಿಲ್ಲ. ನಾನು ಹೇಳಿದ ಒರಟು ಪರೀಕ್ಷೆಯ ಒಂದು ಪಾಲನ್ನು ಸಾಧನವೇ ಮಾಡಿಕೊಟ್ಟಂತೆ. ಇದು ನನಗೆ ಬಹಳ ಮೆಚ್ಚುಗೆಯಾಯಿತು.

ಇನ್ನು ಸ್ಟಾಟಿಕ್ ಸೈಟ್ ಜನರೇಟರ್‌ಗಳು, ಅಂದರೆ ಎಲ್ಲ ಪುಟಗಳನ್ನೂ ಮೊದಲೇ ಕಟ್ಟಿಡುವ ಸಾಧನಗಳು. ಜೆಕಿಲ್ 2008ರಿಂದ ಇದೆ, ಸೈಟ್‌ಗಳನ್ನು ಇಡುವ ಸೇವೆಯಾದ ಗಿಟ್‌ಹಬ್ ಪೇಜಸ್ ಅದನ್ನು ತಾನೇ ಕಟ್ಟಿ ಪ್ರಕಟಿಸುತ್ತದೆ. ಜೆಕಿಲ್‌ನ ಟೆಂಪ್ಲೇಟ್ ಭಾಷೆ ಲಿಕ್ವಿಡ್, ಅದು ಸುಲಭ. ಆದರೆ ಅದರ ಜೊತೆ ಬರುವ ‘ಮಿನಿಮಾ’ ಥೀಮಿನ ಫೈಲ್‌ಗಳು ನಮ್ಮ ಫೋಲ್ಡರಿನಲ್ಲಿ ಕಾಣುವುದಿಲ್ಲ, ರೂಬಿ ಜೆಮ್ (ರೂಬಿ ಭಾಷೆಯ ಪ್ಯಾಕೇಜ್) ಒಳಗೆ ಅಡಗಿರುತ್ತವೆ. ಯಾವುದನ್ನು ಬದಲಿಸಬೇಕೋ ಅದನ್ನು ಅದೇ ಹೆಸರಿನಲ್ಲಿ ನಮ್ಮ ಫೋಲ್ಡರಿಗೆ ನಕಲು ಮಾಡಿಕೊಳ್ಳಬೇಕು.

ಹ್ಯೂಗೋ ವೇಗದ ಬಗ್ಗೆ ಹೇಳಿದ್ದೆಲ್ಲ ನಿಜ. ಫೈಲ್ ಉಳಿಸಿದೆವೋ ಇಲ್ಲವೋ ಪುಟ ಬದಲಾಗಿರುತ್ತದೆ. ನೋಡಿ ತಿದ್ದುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಗುಣ ಇಲ್ಲ. ಬೆಲೆ ತೆರಬೇಕಾದದ್ದು ಟೆಂಪ್ಲೇಟ್ ಭಾಷೆಯಲ್ಲಿ. ಅಲ್ಲಿ ಒಂದು ಚುಕ್ಕೆ ಇದೆ. ಹೊರಗೆ ಅದು ಪುಟವನ್ನು ಸೂಚಿಸುತ್ತದೆ, ಪಟ್ಟಿಯನ್ನು ಒಂದೊಂದಾಗಿ ಸುತ್ತುವ ‘ರೇಂಜ್’ ಒಳಗೆ ಹೋದ ಕೂಡಲೇ ಪಟ್ಟಿಯ ಒಂದು ಅಂಶವಾಗುತ್ತದೆ. ಮತ್ತೆ ಪುಟ ಬೇಕೆಂದರೆ ಡಾಲರ್ ಚಿಹ್ನೆ ಹಾಕಬೇಕು. ಇದು ತಲೆಗೆ ಹತ್ತುವ ತನಕ ಹ್ಯೂಗೋ ಸಿಡುಕಿನ ಮೇಷ್ಟ್ರು. ಜೊತೆಗೆ 2025ರಲ್ಲಿ ಬಂದ 0.146 ಆವೃತ್ತಿ ಟೆಂಪ್ಲೇಟ್ ಫೋಲ್ಡರುಗಳ ಹೆಸರು ಮತ್ತು ಜಾಗ ಬದಲಿಸಿದೆ. ಹಳೆಯ ಪಾಠಗಳಲ್ಲಿ ಹಳೆಯ ಹೆಸರುಗಳೇ ಇವೆ. ಪಾಠದ ತಾರೀಖು ನೋಡಿಯೇ ಮುಂದುವರಿಯಿರಿ.

ಇದೇ ಗುಂಪಿನ ಇಲೆವೆಂಟಿ ನನಗೆ ಹಿಡಿಸಿತು. ಅದಕ್ಕೆ ತನ್ನದೇ ಥೀಮ್ ಅಂತ ಏನೂ ಇಲ್ಲ, ಸಿಎಸ್ಎಸ್ ಕೂಡ ಇಲ್ಲ. ಬೇರೆಯವರ ಸ್ಟೈಲ್ ಕೆಡವುವ ಕೆಲಸ ಇಲ್ಲದೆ ಮೊದಲ ಸಾಲಿನಿಂದ ನಮ್ಮದೇ. ಲಿಕ್ವಿಡ್, ನಂಜಕ್ಸ್, ಜಾವಾಸ್ಕ್ರಿಪ್ಟ್, ಯಾವುದರಲ್ಲಾದರೂ ಟೆಂಪ್ಲೇಟ್ ಬರೆಯಬಹುದು. ಏನೂ ಇಲ್ಲದ ಬಯಲು ನೋಡಿ ಹೆದರುವವರಿಗೆ ಅವರದೇ ಮೂಲ ಬ್ಲಾಗ್ ಮಾದರಿಯೊಂದು ಸಿಗುತ್ತದೆ.

ಗೂಗಲ್‌ನ ಬ್ಲಾಗರ್ ವೇದಿಕೆ ಬಗ್ಗೆ ಒಂದೇ ಮಾತು. ಇಡೀ ಥೀಮ್ ಒಂದೇ ಎಕ್ಸ್‌ಎಂಎಲ್ ಫೈಲ್. ಒಂದು ಟ್ಯಾಗ್ ಮುಚ್ಚದಿದ್ದರೆ ಅದು ಸೇವ್ ಆಗುವುದೇ ಇಲ್ಲ. ಈಗಾಗಲೇ ಅಲ್ಲಿ ಬರೆಯುತ್ತಿದ್ದರೆ ಬಣ್ಣ, ಅಕ್ಷರ ತಿದ್ದಿಕೊಳ್ಳಿ. ಥೀಮ್ ಕಲಿಯಲೆಂದು ಅಲ್ಲಿಗೆ ಹೋಗಬೇಡಿ.

ಟೇಲ್‌ವಿಂಡ್ ಬೇಕಾ?

ಈ ಪ್ರಶ್ನೆಗೆ ಬ್ಲಾಗ್ ಮಟ್ಟಿಗೆ ಉತ್ತರ ಬೇರೆ. ಟೇಲ್‌ವಿಂಡ್‌ನ ರೀತಿ ಅಂದರೆ ಪ್ರತಿ ಎಚ್‌ಟಿಎಂಎಲ್ ಟ್ಯಾಗಿಗೂ ಸ್ಟೈಲ್ ಹೇಳುವ ಚಿಕ್ಕ ಚಿಕ್ಕ ಕ್ಲಾಸ್ ಹೆಸರು ಅಂಟಿಸುವುದು. ಆದರೆ ಬರಹದ ಒಡಲು ಸರಳ ಗುರುತುಗಳಲ್ಲಿ ಬರೆಯುವ ಮಾರ್ಕ್‌ಡೌನ್‌ನಿಂದಲೋ ಎಡಿಟರಿನಿಂದಲೋ ಬರುತ್ತದೆ. ಅಲ್ಲಿರುವುದು ಬರೀ ಪ್ಯಾರಾ, ಬರೀ ಶೀರ್ಷಿಕೆ, ಬರೀ ಉಲ್ಲೇಖ. ನಾವು ಕ್ಲಾಸ್ ಅಂಟಿಸುವುದಾದರೂ ಎಲ್ಲಿ? ಟೇಲ್‌ವಿಂಡ್ ತಂಡಕ್ಕೂ ಇದು ಗೊತ್ತು. ಅದಕ್ಕೇ ‘ಟೈಪೋಗ್ರಫಿ’ ಪ್ಲಗಿನ್ ಕೊಟ್ಟು, ಹೊರಗಿನ ಡಬ್ಬಿಗೆ ‘ಪ್ರೋಸ್’ ಅಂತ ಕ್ಲಾಸ್ ಹಾಕಿ ಅನ್ನುತ್ತಾರೆ. ಅದು ಒಳ್ಳೆಯದೇ. ಆದರೆ ಆಗ ಬ್ಲಾಗಿನ ಮುಖ್ಯ ಭಾಗದ ವಿನ್ಯಾಸ ಅವರದಾಯಿತು, ನಮ್ಮದು ಮೇಲಿನ ಪಟ್ಟಿ ಮತ್ತು ಕೆಳಗಿನ ಪಟ್ಟಿ ಮಾತ್ರ.

ಬರಿಯ ಸಿಎಸ್ಎಸ್‌ನಲ್ಲಿ ಟ್ಯಾಗ್ ಹೆಸರಿಗೇ ಸ್ಟೈಲ್ ಬರೆದು, ಬಣ್ಣ ಮತ್ತು ಅಂತರಗಳನ್ನು ವೇರಿಯೇಬಲ್ ಮಾಡಿಟ್ಟುಕೊಂಡರೆ ಬ್ಲಾಗಿಗೆ ಧಾರಾಳವಾಗಿ ಸಾಕು. ಅದಕ್ಕೂ ಮೊದಲು ಒಂದು ಆಸರೆ ಬೇಕೆಂದರೆ ಪಿಕೋ ಸಿಎಸ್ಎಸ್ ನೋಡಿ. ಕ್ಲಾಸ್ ಇಲ್ಲದ ಎಚ್‌ಟಿಎಂಎಲ್‌ಗೂ ಒಂದು ಮಟ್ಟದ ಅಂದ ಕೊಡುತ್ತದೆ. ಅಕ್ಷರದ ಗಾತ್ರ ಪರದೆಗೆ ತಕ್ಕಂತೆ ಹಿಗ್ಗಿ ಕುಗ್ಗಬೇಕೆಂದರೆ ‘ಯುಟೋಪಿಯಾ’ ಎಂಬ ಲೆಕ್ಕದ ಸಾಧನ, ಕನಿಷ್ಠ ಗರಿಷ್ಠ ಮಿತಿ ಹೇಳುವ ಕ್ಲ್ಯಾಂಪ್ ಸೂತ್ರಗಳನ್ನು ಮಾಡಿಕೊಡುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಮಾತು. ಸಾಲಿನ ಅಗಲ 65 ‘ಸಿಎಚ್’ ಇರಲಿ ಅಂತ ಎಲ್ಲ ಪಾಠಗಳಲ್ಲೂ ಇರುತ್ತದೆ. ಸಿಎಚ್ ಅಂದರೆ ಆ ಫಾಂಟಿನ ಸೊನ್ನೆ ಅಂಕಿಯ ಅಗಲ. ನಮ್ಮ ಅಕ್ಷರಗಳು ಸಾಮಾನ್ಯವಾಗಿ ಅದಕ್ಕಿಂತ ಅಗಲ, ಹಾಗಾಗಿ ಅಷ್ಟೇ ಜಾಗದಲ್ಲಿ ಕಡಿಮೆ ಅಕ್ಷರ ಹಿಡಿಸುತ್ತವೆ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರವೂ ಜಾಸ್ತಿ ಬೇಕು. ಇಂಗ್ಲಿಷ್ ಪಾಠದ 1.5 (ಅಕ್ಷರದ ಗಾತ್ರದ ಒಂದೂವರೆ ಪಟ್ಟು) ಅನ್ನು ಹಾಗೇ ಹಾಕದೆ 1.7, 1.8 ಅಂತ ಏರಿಸಿ ನೋಡಿ.

ಕಲಿಯೋದು ಎಲ್ಲಿ?

ವೆಬ್ ಭಾಷೆಗಳ ಕೈಪಿಡಿಯಾದ ಎಂಡಿಎನ್ ಮತ್ತು ವೆಬ್ ಡೆವ್ ಸೈಟಿನ ‘ಲರ್ನ್ ಸಿಎಸ್ಎಸ್’, ಎರಡೂ ಉಚಿತ. ಎಂಡಿಎನ್ ನಿಘಂಟಿನ ಹಾಗೆ ಬಳಸಲು ಸರಿ. ಒಂದು ಗುಣಲಕ್ಷಣದ ಪುಟ ತೆರೆದರೆ ಯಾವ ಬ್ರೌಸರಿನಲ್ಲಿ ನಡೆಯುತ್ತದೆ ಅನ್ನುವ ತನಕ ಎಲ್ಲ ಸಿಗುತ್ತದೆ. ಮೊದಲಿನಿಂದ ಕೊನೆಯವರೆಗೆ ಕೂತು ಓದಲು ‘ಲರ್ನ್ ಸಿಎಸ್ಎಸ್’ ವಾಸಿ. ಕ್ಯಾಸ್ಕೇಡ್ ಮತ್ತು ಸ್ಪೆಸಿಫಿಸಿಟಿ (ಎರಡು ಸ್ಟೈಲ್ ಜಗಳಕ್ಕೆ ಬಿದ್ದರೆ ಯಾವುದು ಗೆಲ್ಲುತ್ತದೆ ಅನ್ನುವುದು) ಪಾಠಗಳನ್ನು ಮಾತ್ರ ಹಾರಿಸಬೇಡಿ. ಥೀಮ್ ಕೆಲಸದಲ್ಲಿ ‘ನಾನು ಬರೆದ ಸ್ಟೈಲ್ ಯಾಕೆ ಹತ್ತುತ್ತಿಲ್ಲ’ ಅನ್ನುವ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಅಲ್ಲೇ ಇರುತ್ತದೆ.

ಫ್ಲೆಕ್ಸ್‌ಬಾಕ್ಸ್ ಫ್ರಾಗಿ, ಗ್ರಿಡ್ ಗಾರ್ಡನ್ ಆಟಗಳು ಮಜವಾಗಿವೆ. ಒಂದು ಸಂಜೆಗೆ ಮುಗಿಯುತ್ತವೆ, ಪದಗಳು ನೆನಪಿನಲ್ಲಿ ಉಳಿಯುತ್ತವೆ. ಯಾವಾಗ ಯಾವುದನ್ನು ಬಳಸಬೇಕು ಅನ್ನೋದನ್ನು ಮಾತ್ರ ಅವು ಕಲಿಸುವುದಿಲ್ಲ. ಅದಕ್ಕೆ ಯೂಟ್ಯೂಬಿನಲ್ಲಿ ಕೆವಿನ್ ಪೊವೆಲ್ ಅವರ ವಿಡಿಯೋಗಳು ಉಪಯೋಗಕ್ಕೆ ಬರುತ್ತವೆ. ಕೋಡ್ ಬರೆಯುತ್ತಾ, ಯಾಕೆ ಹೀಗೆ ಅಂತ ಬಿಡಿಸಿ ಹೇಳುತ್ತಾರೆ. ಆದರೆ ವೇದಿಕೆಯ ಪಾಠಕ್ಕೆ ವಿಡಿಯೋ ನಂಬಬೇಡಿ. ಹ್ಯೂಗೋ, ವರ್ಡ್‌ಪ್ರೆಸ್ ಎರಡರಲ್ಲೂ ಅವು ಬೇಗ ಹಳತಾಗುತ್ತವೆ. ಅಧಿಕೃತ ಕೈಪಿಡಿ ಒಣಗಿದಂತೆ ಕಂಡರೂ ಅದೇ ಲೇಸು. ಎಐ ಸಹಾಯಕರ ಕಥೆಯೂ ಇದೇ. ಸಿಎಸ್ಎಸ್ ಕೇಳಿದರೆ ಬಹುಪಾಲು ಚೆನ್ನಾಗಿ ಹೇಳುತ್ತವೆ, ಥೀಮ್ ಕೇಳಿದರೆ ಕ್ಲಾಸಿಕ್ ಮತ್ತು ಬ್ಲಾಕ್ ಎರಡನ್ನೂ ಕಲಸಿ ಕೊಡುವುದುಂಟು.

ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಇನ್ನೊಬ್ಬರ ಥೀಮ್ ಓದುವುದು. ಘೋಸ್ಟ್‌ನ ‘ಕ್ಯಾಸ್ಪರ್’, ವರ್ಡ್‌ಪ್ರೆಸ್‌ನ ‘ಟ್ವೆಂಟಿ ಟ್ವೆಂಟಿ ಫೈವ್’, ಎರಡರ ಕೋಡೂ ತೆರೆದೇ ಇದೆ. ಒಂದು ಭಾಗ ಅಳಿಸಿ, ಪುಟ ಎಲ್ಲಿ ಮುರಿಯಿತು ನೋಡಿ, ಮತ್ತೆ ಹಾಕಿ. ಆ ಸಾಲು ಯಾಕಿತ್ತು ಅಂತ ಆಗ ತಿಳಿಯುತ್ತದೆ.

ಕೊನೆಗೆ ತಪಾಸಣೆ. ಬಣ್ಣಗಳಿಗೆ, ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ ಅಳೆಯುವ ವೆಬ್‌ಏಮ್‌ನ ಕಾಂಟ್ರಾಸ್ಟ್ ಚೆಕ್ಕರ್ ಸಾಕು. ಸಾಮಾನ್ಯ ಅಕ್ಷರಕ್ಕೆ 4.5:1, ದೊಡ್ಡ ಅಕ್ಷರಕ್ಕೆ 3:1 ಇರಬೇಕು. ತಿಳಿ ಬೂದು ಅಕ್ಷರ ಇಷ್ಟಪಡುವವರಿಗೆ ಇಲ್ಲಿ ಬೇಸರ ಕಾದಿದೆ. ಪುಟಕ್ಕೆ ಅಂಕ ಕೊಡುವ ಕ್ರೋಮ್‌ನ ಲೈಟ್‌ಹೌಸ್ ಓಡಿಸಿ, ಆದರೆ ಅದರ 100ಕ್ಕೆ 100 ನೋಡಿ ಹಿಗ್ಗಬೇಡಿ. ಲಿಂಕಿನ ಸುತ್ತ ಬರುವ ಫೋಕಸ್ ಗೆರೆಯನ್ನು ಸಿಎಸ್ಎಸ್‌ನಲ್ಲಿ ಅಳಿಸಿ ಹಾಕಿದ್ದರೂ ಅದು ಪೂರ್ತಿ ಅಂಕ ಕೊಡಬಹುದು. ಮೌಸ್ ಬದಿಗಿಟ್ಟು ಟ್ಯಾಬ್ ಕೀ ಒತ್ತುತ್ತಾ ಮುಖಪುಟದಿಂದ ಒಂದು ಬರಹದ ಕೊನೆಯವರೆಗೆ ಹೋಗಿ. ಈಗ ಯಾವ ಲಿಂಕಿನ ಮೇಲಿದ್ದೇನೆ ಅಂತ ಪ್ರತಿ ಸಲವೂ ಕಾಣಬೇಕು.