ಗುಂಗುರು ಕೂದಲಿಗೆ ಯಾವ ಕಟ್: ಬಜ್, ಅಂಡರ್‌ಕಟ್, ಲೇಯರ್ಸ್, ಲೋ ಟೇಪರ್

ಗುಂಗುರು ಕೂದಲಿನ ಹುಡುಗರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: “ಸಣ್ಣಗೆ ಹೊಡೆಸಿಬಿಡು, ತಲೆನೋವೇ ಇರಲ್ಲ.” ನಾನು ಅದನ್ನೂ ಮಾಡಿಸಿ ನೋಡಿದ್ದೇನೆ. ಅಂಡರ್‌ಕಟ್ ಆಯಿತು, ಉದ್ದ ಬಿಟ್ಟು ಲೇಯರ್ಸ್ ಆಯಿತು, ಈಗ ಲೋ ಟೇಪರ್‌ಗೆ ಬಂದು ನಿಂತಿದ್ದೇನೆ. ನನ್ನ ಸುರುಳಿಗಳು ಬೆರಳು ತೂರುವಷ್ಟು ಅಗಲ, ಮುಖ ಸ್ವಲ್ಪ ದುಂಡಗೆ. ಕೆಳಗೆ ಹೇಳಿರೋದೆಲ್ಲ ಆ ಲೆಕ್ಕದಲ್ಲಿ.

ಬಜ್ ಕಟ್ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಮಶೀನಿಗೆ ನಂಬರ್ 2 ಗಾರ್ಡ್ (ಎಷ್ಟು ಉದ್ದ ಬಿಡಬೇಕು ಅಂತ ತೀರ್ಮಾನಿಸುವ ಬಾಚಣಿಗೆಯಂಥ ತುಂಡು) ಹಾಕಿ, ಅಂದರೆ ಸುಮಾರು 6 ಮಿಲಿಮೀಟರ್ ಬಿಟ್ಟು, ಇಡೀ ತಲೆಗೆ ಓಡಿಸಿದರೆ ಮುಗೀತು. ಅಷ್ಟು ಗಿಡ್ಡದಲ್ಲಿ ಸುರುಳಿ ಕಾಣುವುದೇ ಇಲ್ಲ. ತಲೆಯ ಆಕಾರ ಚೆನ್ನಾಗಿದ್ದವರಿಗೆ ಒಪ್ಪುತ್ತದೆ. ಕಷ್ಟ ಇರೋದು ಅದು ಬೆಳೆಯುವಾಗ. ಎಲ್ಲ ಕಡೆ ಒಂದೇ ಉದ್ದ ಇರುವುದರಿಂದ ನಾಲ್ಕೂ ಕಡೆ ಒಟ್ಟಿಗೇ ಉಬ್ಬಿ, ಹೆಲ್ಮೆಟ್ ಹಾಕಿಕೊಂಡಂತೆ ಕಾಣುತ್ತದೆ.

ಅಂಡರ್‌ಕಟ್ ಮೊದಲ ವಾರ ಭರ್ಜರಿ. ಪಕ್ಕದಲ್ಲಿ ಇನ್ನೂ ಗಿಡ್ಡ, ನಂಬರ್ 1 ಗಾರ್ಡ್, ಮೇಲೆ ಉದ್ದ, ನಡುವೆ ಗೆರೆ ಎಳೆದಂತೆ ವ್ಯತ್ಯಾಸ. ನೇರ ಕೂದಲಾದರೆ ಮೇಲಿನದ್ದು ಆ ಗೆರೆಯ ಮೇಲೆ ಮಲಗುತ್ತದೆ. ಗುಂಗುರು ಕೂದಲು ಮಲಗಲ್ಲ, ಹೊರಗೆ ಚಾಚುತ್ತದೆ. ಎದುರಿನಿಂದ ನೋಡಿದರೆ ಮೇಲೆ ಅಗಲ, ಕೆಳಗೆ ಕಿರಿದು. ಗೆರೆ ಮಾಸುವ ಹೊತ್ತಿಗೆ ಕಿವಿಯ ಮೇಲಿನ ಕೂದಲು ಅಡ್ಡಡ್ಡ ಎದ್ದಿರುತ್ತದೆ, ಮತ್ತೆ ಕುರ್ಚಿಯಲ್ಲಿ ಕೂರಬೇಕು. ನೋಡೋಕೆ ಚಂದ, ಸಾಕೋದು ಕಷ್ಟ.

ಲೇಯರ್ಸ್ ವಿಷಯಕ್ಕೆ ಬಂದರೆ ಮನಸ್ಸು ಇನ್ನೂ ಅತ್ತಲೇ ಎಳೆಯುತ್ತದೆ. ಸುರುಳಿಯ ಅಂದ ಪೂರ್ತಿ ಕಾಣುವುದು ಕಿವಿ ದಾಟಿದ ಉದ್ದದಲ್ಲೇ. ಆದರೆ ಸುಮ್ನೆ ಬೆಳೆಯಲು ಬಿಟ್ಟರೆ ನೆತ್ತಿ ಚಪ್ಪಟೆಯಾಗಿ, ಕೆಳಗೆ ತ್ರಿಕೋನದಂತೆ ಹರಡುತ್ತದೆ. ಅದಕ್ಕೇ ಮೇಲಿನ ಪದರ ಗಿಡ್ಡ ಮಾಡಿ ಭಾರ ತೆಗೆಯಬೇಕು. ಇಲ್ಲಿ ಎಲ್ಲವೂ ಕತ್ತರಿ ಹಿಡಿದವರ ಕೈಯಲ್ಲಿದೆ. ಹಣೆಯ ಮೇಲಿನ ಒಂದು ಸುರುಳಿಯನ್ನು ಒದ್ದೆಯಾಗಿದ್ದಾಗ ಕೆಳಗೆ ಎಳೆದು ನೋಡಿ, ಮೂಗಿನ ತನಕ ಬರುತ್ತದೆ. ಬಿಡಿ, ಒಣಗಲಿ, ಹುಬ್ಬಿನ ಮೇಲೆ ಹೋಗಿ ಕೂತಿರುತ್ತದೆ. ಒದ್ದೆ ಕೂದಲನ್ನು ಎಳೆದು ಅಳತೆ ಹಿಡಿದರೆ ಏನಾಗುತ್ತದೆ ಗೊತ್ತಾಯ್ತಲ್ವಾ? ಹಾಗಾಗಿ ಒಣ ಕೂದಲಲ್ಲೇ, ಅದು ಬಿದ್ದಿರುವ ಹಾಗೇ ಕತ್ತರಿಸಲು ಹೇಳಿ. ದಟ್ಟ ಇದೆ ಅಂತ ಹಲ್ಲುಹಲ್ಲಿನ ತಿನ್ನಿಂಗ್ ಕತ್ತರಿ ಎತ್ತಿಕೊಂಡರೆ ನಯವಾಗಿಯೇ ಬೇಡ ಅನ್ನಿ. ಸುರುಳಿಯ ನಡುವೆ ತುಂಡಾದ ಎಳೆಗಳು ಒಂದೊಂದು ದಿಕ್ಕಿಗೆ ಏಳುತ್ತವೆ.

ಇನ್ನು ಆರೈಕೆ. ನೆತ್ತಿಯ ಜಿಡ್ಡು ಸುರುಳಿಯಲ್ಲಿ ತುದಿಯವರೆಗೆ ಇಳಿಯುವುದಿಲ್ಲ, ತುದಿ ಬೇಗ ಒಣಗುತ್ತದೆ. ಕಂಡೀಷನರ್ ಬೇಕೇ ಬೇಕು. ಬಾಚುವುದು ಒದ್ದೆ ಇದ್ದಾಗ, ಅಗಲ ಹಲ್ಲಿನ ಬಾಚಣಿಗೆಯಲ್ಲಿ. ಟವೆಲ್ಲಿನಿಂದ ಗಸಗಸ ಉಜ್ಜುವಂತಿಲ್ಲ. ಬೆಳಿಗ್ಗೆ ಎದ್ದರೆ ಒಂದು ಪಕ್ಕ ಚಪ್ಪಟೆ, ನೀರು ಚಿಮುಕಿಸಿ ಮತ್ತೆ ಎಬ್ಬಿಸಬೇಕು. ಅಷ್ಟು ತಾಳ್ಮೆ ನನಗೆ ದಿನಾ ಇರಲ್ಲ.

ಅದಕ್ಕೇ ಲೋ ಟೇಪರ್, ಅಂದರೆ ಕೆಳಗಿನ ಅಂಚಿನ ಕಡೆಗೆ ಬರುತ್ತಾ ನಿಧಾನಕ್ಕೆ ಗಿಡ್ಡವಾಗುವ ಕಟ್. ಕಿವಿಯ ಮುಂದೆ ಮತ್ತು ಕತ್ತಿನ ಹತ್ತಿರ ಮಾತ್ರ ಮಶೀನು. ಪಕ್ಕದ ಉಳಿದ ಕೂದಲು ಕತ್ತರಿಯಲ್ಲಿ, ಒಂದೆರಡು ಬೆರಳಷ್ಟು. ಮೇಲೆ ಮೂರು ನಾಲ್ಕು ಬೆರಳು. ಅಂಚು ಚೊಕ್ಕವಾಗಿರುವುದರಿಂದ ಮೇಲೆ ಸ್ವಲ್ಪ ಕೆದರಿದ್ದರೂ ಬೇಕಂತಲೇ ಹಾಗೆ ಬಿಟ್ಟಂತೆ ಕಾಣುತ್ತದೆ. ಗೆರೆಯೇ ಇಲ್ಲದ್ದರಿಂದ ಬೆಳೆದಾಗಲೂ ಕೆಡುವುದಿಲ್ಲ, ತಿಂಗಳು ದಾಟಿದರೂ ನಡೆಯುತ್ತದೆ. ದುಂಡು ಮುಖಕ್ಕೆ ಮೇಲಿನ ಎತ್ತರ ಉದ್ದ ಕೊಡುತ್ತದೆ. ಉದ್ದ ಮುಖದವರು ಎತ್ತರ ಕಡಿಮೆ ಮಾಡಿ, ಮುಂದಿನ ಸುರುಳಿಗಳನ್ನು ಹಣೆಗೆ ಇಳಿಬಿಟ್ಟರೆ ಒಳ್ಳೆಯದು. ನೆತ್ತಿಯ ಸುಳಿ ಇರುವಲ್ಲಿ ಗಿಡ್ಡ ಮಾಡಿಸಬೇಡಿ, ಅಲ್ಲಿನ ಕೂದಲು ಕೋಲಿನಂತೆ ನಿಲ್ಲುತ್ತದೆ.

“ಟೇಪರ್” ಅಂದರೆ ಕೆಲವರು ಮಶೀನನ್ನು ಹಣೆಯ ಮಟ್ಟದವರೆಗೂ ಏರಿಸಿಬಿಡುತ್ತಾರೆ. ಅದು ಹೈ ಫೇಡ್, ನನ್ನಂಥ ಕೂದಲಿಗೆ ಮತ್ತೆ ಅಂಡರ್‌ಕಟ್ಟಿನ ಕಥೆಯೇ. ಪೆನ್ಸಿಲ್‌ಗಿಂತ ಸಣ್ಣ, ಬಿಗಿ ಸುರುಳಿಯವರ ಮಾತು ಬೇರೆ. ಅವರ ಕೂದಲು ಹೊರಗೆ ಬಾಗದೆ ಮೇಲಕ್ಕೇ ನಿಲ್ಲುತ್ತದೆ, ಹೈ ಫೇಡ್ ಅವರಿಗೇ ಹೇಳಿ ಮಾಡಿಸಿದ ಹಾಗಿರುತ್ತದೆ. ಫೋಟೋ ತೋರಿಸುವುದಾದರೆ ನಿಮ್ಮಂಥದೇ ಸುರುಳಿ ಇರುವವರದ್ದು ತೋರಿಸಿ, ಮಶೀನು ಎಲ್ಲಿಯವರೆಗೆ ಅಂತ ಬೆರಳಿಟ್ಟು ಹೇಳಿ.