‘ಲೈವ್ ಕ್ಲಾಸ್’ ಅಂತ ಹಳೆ ರೆಕಾರ್ಡಿಂಗ್ ಹಾಕಿದರು: ಆರ್ಟ್ಸ್ ಕೋರ್ಸ್ ಸೇರುವವರು ಓದಿ

ಚಿತ್ರಕಲೆ, ಪ್ರಿಂಟ್‌ಮೇಕಿಂಗ್ (ಅಚ್ಚು ಒತ್ತಿ ಚಿತ್ರ ಮಾಡುವ ಕಲೆ) ಅಂತ ಯೂನಿವರ್ಸಿಟಿ ಕೋರ್ಸಿಗೆ ಸೇರಲು ಹೊರಟವರು ಫೀಸು ಕಟ್ಟುವ ಮೊದಲು ದಯವಿಟ್ಟು ಇದನ್ನು ಓದಿ. ನಾನು ಕಟ್ಟಿಯಾಗಿದೆ. ಈಗ ಹೊಟ್ಟೆ ಉರಿಯುತ್ತಿದೆ.

ಯಾವ ಯೂನಿವರ್ಸಿಟಿ ಅಂತ ಹೇಳಲ್ಲ. ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ‘ಹೈಫ್ಲೆಕ್ಸ್ ಕೋರ್ಸ್’ ಅಂತಿತ್ತು. ಇದು ಇವರು ಹುಟ್ಟಿಸಿದ್ದಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬ್ರಯನ್ ಬೀಟಿ ಎಂಬ ಪ್ರಾಧ್ಯಾಪಕರು 2006ರ ಹೊತ್ತಿಗೆ ರೂಪಿಸಿದ ಕ್ರಮ. ಇವತ್ತು ಕ್ಲಾಸಿಗೆ ಹೋಗಬೇಕಾ, ಮನೆಯಿಂದ ಲೈವ್ ನೋಡಬೇಕಾ, ಆಮೇಲೆ ರೆಕಾರ್ಡಿಂಗ್ ನೋಡಬೇಕಾ ಅನ್ನೋದು ವಿದ್ಯಾರ್ಥಿಗೆ ಬಿಟ್ಟಿದ್ದು. ಹೇಗೆ ಬಂದರೂ ಕಲಿಯೋದು ಒಂದೇ ಮಟ್ಟದಲ್ಲಿ ಇರಬೇಕು. ಅಡ್ಮಿಷನ್ ಕೌಂಟರಿನವರು ಇದನ್ನೇ ಗಿಣಿಪಾಠ ಒಪ್ಪಿಸಿದರು. ವಾರದ ದಿನ ಆನ್‌ಲೈನ್ ಲೈವ್, ವಾರಾಂತ್ಯದಲ್ಲಿ ಸ್ಟುಡಿಯೊ. ಕೆಲಸ ಮಾಡುತ್ತಾ ಓದುವವರಿಗೆ ಇನ್ನೇನು ಬೇಕು ಅಲ್ವಾ?

ಈಗ ಆ ಸಂಜೆಯ ಕಥೆ. ಡ್ರಾಯಿಂಗ್ ‘ಲೈವ್’ ಕ್ಲಾಸ್. ಸರ್ ಪರ್ಸ್ಪೆಕ್ಟಿವ್, ಅಂದರೆ ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವಂತೆ ಬಿಡಿಸೋದನ್ನು, ಹೇಳಿಕೊಡುತ್ತಿದ್ದರು. ನನಗೊಂದು ಡೌಟು ಬಂತು, ಚಾಟ್‌ನಲ್ಲಿ ಕೇಳಿದೆ. ಉತ್ತರ ಇಲ್ಲ. ಮತ್ತೆ ಕೇಳಿದೆ. ‘ಸರ್, ನನ್ನ ಮೆಸೇಜ್ ಕಾಣ್ತಿದೆಯಾ?’ ಅಂತ ಹಾಕಿದೆ. ಅಷ್ಟರಲ್ಲಿ ಸರ್, ‘ಹಾಂ, ಒಳ್ಳೆ ಪ್ರಶ್ನೆ’ ಅಂದರು! ನಾನು ನೆಟ್ಟಗೆ ಕೂತೆ. ಉತ್ತರ ಕೊಟ್ಟಿದ್ದು ಬೇರೆ ಯಾವುದೋ ಪ್ರಶ್ನೆಗೆ. ಆಮೇಲೆ ಅವರು ಸ್ಕ್ರೀನ್ ಶೇರ್ ಮಾಡಿದಾಗ ಮೂಲೆಯಲ್ಲಿ ತಾರೀಖು ಕಾಣಿಸಿತು. ಹಿಂದಿನ ವರ್ಷದ್ದು. ಹಳೆ ಬ್ಯಾಚಿನ ರೆಕಾರ್ಡಿಂಗ್! ಅದಕ್ಕೆ ನಾನು ‘ಸರ್, ಸರ್’ ಅಂತ ಕೈ ಎತ್ತುತ್ತಾ ಕೂತಿದ್ದೆ. ಬ್ಯಾಚಿನವರೆಲ್ಲ ನೋಡುತ್ತಿದ್ದರು. ಎಂಥ ಅವಮಾನ.

ಯೂನಿವರ್ಸಿಟಿಗೆ ಫೋನ್ ಮಾಡಿದೆ. ಬಂದ ಉತ್ತರ ಕೇಳಿ: ‘ಸರ್, ನಿಗದಿಯಾದ ಸಮಯಕ್ಕೆ ಪ್ರಸಾರ ಆಗುತ್ತಲ್ಲ, ಅದಕ್ಕೇ ಲೈವ್ ಅಂತೀವಿ.’ ಹಾಗಾದರೆ ಡೌಟು ಯಾರನ್ನು ಕೇಳಲಿ? ‘ಪೋರ್ಟಲ್‌ನಲ್ಲಿ ಟಿಕೆಟ್ ಹಾಕಿ ಸರ್.’ ಟಿಕೆಟ್ ಅಂದರೆ ಆನ್‌ಲೈನ್ ದೂರು. ಪರ್ಸ್ಪೆಕ್ಟಿವ್ ಡೌಟಿಗೆ ಟಿಕೆಟ್ಟು!

ಆನ್‌ಲೈನೇ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಕಲಾ ಇತಿಹಾಸ ಆನ್‌ಲೈನ್‌ನಲ್ಲಿ ಚೆನ್ನಾಗಿಯೇ ನಡೆಯುತ್ತೆ. ಡಚ್ ಕಲಾವಿದ ರೆಂಬ್ರಾಂಟ್‌ನ ‘ನೈಟ್ ವಾಚ್’ ಚಿತ್ರವನ್ನು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 2022ರಲ್ಲಿ 717 ಗಿಗಾಪಿಕ್ಸೆಲ್‌ನಲ್ಲಿ, ಅಂದರೆ 71,700 ಕೋಟಿ ಚುಕ್ಕಿಗಳಲ್ಲಿ, ನೆಟ್‌ಗೆ ಹಾಕಿದೆ. ಎದುರು ನಿಂತರೂ ಕಾಣದಷ್ಟು ಸಣ್ಣ ಬಿರುಕು ಅದರಲ್ಲಿ ಕಾಣುತ್ತೆ. ಆದರೆ ಕೈಯಲ್ಲಿ ಮಾಡುವ ಕೆಲಸ? ಇದ್ದಿಲಲ್ಲಿ ಬಿಡಿಸಿದ ಚಿತ್ರದ ಫೋಟೊ ಅಪ್‌ಲೋಡ್ ಮಾಡಿದೆ. ಬಿಳಿ ಕಾಗದ ಜಾಸ್ತಿ ಇದ್ದರೆ ಫೋನ್ ಕ್ಯಾಮೆರಾ ತಾನಾಗಿಯೇ ಬೆಳಕು ಇಳಿಸಿ ಅದನ್ನು ಬೂದು ಮಾಡಿಬಿಡುತ್ತೆ. ನನಗೆ ಬಂದ ಕಾಮೆಂಟ್: ‘ಬೂದು ಕಾಗದ ಬೇಡ, ಬಿಳಿ ಬಳಸಿ.’ ಮಾರ್ಕ್ಸ್ ಕಟ್. ಪಕ್ಕದಲ್ಲಿ ನಿಂತು ನೋಡುವ ಮೇಷ್ಟ್ರಾಗಿದ್ದರೆ ಹೀಗಾಗುತ್ತಿತ್ತಾ?

ಎಚಿಂಗ್ ಕಥೆ ಇನ್ನೂ ಚೆಂದ. ಲೋಹದ ಹಾಳೆಯ ಮೇಲೆ ಆಸಿಡ್‌ನಿಂದ ಗೆರೆ ಕೊರೆಸಿ ಅಚ್ಚು ತೆಗೆಯೋದೇ ಎಚಿಂಗ್. ತಾಮ್ರದ ಹಾಳೆ, ಆಸಿಡ್, ಭಾರವಾದ ಪ್ರೆಸ್ ಬೇಕು. ಮನೆಯಲ್ಲಿ ಇದೆಲ್ಲ ಎಲ್ಲಿಂದ ಬರಬೇಕು? ಅದಕ್ಕೆ ತಾನೇ ಸ್ಟುಡಿಯೊ ಅಂದಿದ್ದು. ಸ್ಟುಡಿಯೊ ಯಾವಾಗ ಅಂದರೆ, ‘ಬ್ಯಾಚಲ್ಲಿ ಜನ ಸಾಲಲ್ಲ ಸರ್, ಈ ಸಲ ವರ್ಚುವಲ್ ಸ್ಟುಡಿಯೊ.’ ವರ್ಚುವಲ್ ಸ್ಟುಡಿಯೊ ಅಂದರೆ ಬೇರೆ ಯಾರೋ ಪ್ರೆಸ್ ತಿರುಗಿಸುವ ವಿಡಿಯೊ. ಅದೂ ರೆಕಾರ್ಡಿಂಗ್. ಸ್ಟುಡಿಯೊ ಫೀಸು ವಾಪಸ್ ಕೇಳಿದರೆ, ‘ವಿಡಿಯೊ ತಯಾರಿಗೂ ಖರ್ಚಿರುತ್ತೆ ಸರ್.’

ಸೇರುವ ಮೊದಲು ಟೈಮ್ ಟೇಬಲ್ ಬರಹದಲ್ಲಿ ಕೇಳಿ. ಯಾವ ಕ್ಲಾಸ್ ನಿಜಕ್ಕೂ ಲೈವ್, ಯಾವುದು ರೆಕಾರ್ಡಿಂಗ್, ಸ್ಟುಡಿಯೊ ಎಷ್ಟು ಗಂಟೆ, ಜನ ಕಡಿಮೆಯಾದರೆ ಏನು ಮಾಡ್ತಾರೆ, ಎಲ್ಲವನ್ನೂ ಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಲ್ಲಿ ಹೇಳಿದ್ದನ್ನು ಇವರು ಆಮೇಲೆ ಹೇಳೇ ಇಲ್ಲ ಅಂತಾರೆ. ಹಿಂದಿನ ಬ್ಯಾಚಿನವರ ಹತ್ತಿರ ಮಾತಾಡಿಸಿ ಅನ್ನಿ. ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ. ಕೌಂಟರಿನವರ ನಗುಮುಖವನ್ನಂತೂ ನಂಬಲೇಬೇಡಿ.

ಫೀಸು ವಾಪಸ್ ಕೊಡಿ ಅಂತ ನಾನೂ ಪೋರ್ಟಲ್‌ನಲ್ಲಿ ಟಿಕೆಟ್ ಹಾಕಿದ್ದೇನೆ. ನಿನ್ನೆ ಮೇಲ್ ಬಂತು: ‘ನಿಮ್ಮ ಸಮಸ್ಯೆ ಬಗೆಹರಿದಿದೆ, ಟಿಕೆಟ್ ಮುಚ್ಚಲಾಗಿದೆ. ನಮ್ಮ ಸೇವೆಗೆ ಐದು ಸ್ಟಾರ್ ಕೊಡಿ.’