ಸಾಲು ಕಳೆಯುವುದು ಯಾರು, ಹೇಳುವುದು ಯಾರು: ಜರ್ನಲ್‌ಡಿ, ಆರ್‌ಸಿಸ್‌ಲಾಗ್, ಸಿಸ್‌ಲಾಗ್-ಎನ್‌ಜಿ ಓಡಿಸಿ ನೋಡಿದ ಅನುಭವ

ನಾನು ನೋಡಿಕೊಳ್ಳುವ ಒಂದು ಸರ್ವರ್ ರಾತ್ರಿ ತಾನಾಗಿಯೇ ರೀಬೂಟ್ ಆಯಿತು. ಬೆಳಿಗ್ಗೆ ಕಾರಣ ಹುಡುಕಲು ಕೂತರೆ, ಅದಕ್ಕೆ ಮುಂಚಿನ ನಲವತ್ತು ನಿಮಿಷದ ಲಾಗ್ (ಯಂತ್ರ ಬರೆದಿಡುವ ಘಟನೆಗಳ ದಾಖಲೆ) ಎಲ್ಲೂ ಇಲ್ಲ. ಆ ಯಂತ್ರದ ಜರ್ನಲ್ ಬರೆಯುತ್ತಿದ್ದುದು ರನ್ ಡೈರೆಕ್ಟರಿಗೆ, ಅಂದರೆ ಮೆಮೊರಿಗೆ. ರೀಬೂಟ್ ಆದೊಡನೆ ಅಳಿಸಿಹೋಗಿತ್ತು. ಕೇಂದ್ರ ಸರ್ವರ್‌ಗೂ ಒಂದು ಪ್ರತಿ ಹೋಗುತ್ತಿತ್ತು ನಿಜ, ಆದರೆ ಯುಡಿಪಿಯಲ್ಲಿ, ಅಂದರೆ ತಲುಪಿತೇ ಎಂದು ಕೇಳದೆ ಕಳಿಸುವ ವಿಧಾನದಲ್ಲಿ. ನೆಟ್‌ವರ್ಕ್ ಕೈಕೊಟ್ಟ ಅಷ್ಟೂ ಹೊತ್ತು ಕಳಿಸಿದ್ದೆಲ್ಲ ದಾರಿಯಲ್ಲೇ ಬಿದ್ದುಹೋಗಿತ್ತು. ಎಲ್ಲೂ ಒಂದು ಎಚ್ಚರಿಕೆ ಕೂಡ ಇರಲಿಲ್ಲ. ಅಂದಿನಿಂದ ಯಾವ ಲಾಗ್ ಡೀಮನ್ (ಹಿನ್ನೆಲೆಯಲ್ಲಿ ಓಡುತ್ತಾ ಲಾಗ್ ಬರೆಯುವ ಪ್ರೋಗ್ರಾಂ) ಕೈಗೆ ಬಂದರೂ ನಾನು ಕೇಳುವುದು ಎರಡೇ ಮಾತು: ಇದು ಯಾವಾಗ ಸಾಲು ಕಳೆಯುತ್ತದೆ, ಕಳೆದಾಗ ನನಗೆ ಹೇಳುತ್ತದೆಯೇ?

ಒಂದೇ ಬಗೆಯ ಮೂರು ವರ್ಚುವಲ್ ಯಂತ್ರ ತೆಗೆದುಕೊಂಡೆ. ಒಂದರಲ್ಲಿ, ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಜೊತೆ ಬರುವ ಜರ್ನಲ್‌ಡಿ ಮಾತ್ರ. ಇನ್ನೊಂದರಲ್ಲಿ ರೈನರ್ ಗೆರ್ಹಾರ್ಡ್ಸ್ 2004ರಲ್ಲಿ ಶುರುಮಾಡಿದ ಆರ್‌ಸಿಸ್‌ಲಾಗ್. ಮತ್ತೊಂದರಲ್ಲಿ ಅದಕ್ಕಿಂತ ಹಳೆಯದಾದ, 1998ರ ಸಿಸ್‌ಲಾಗ್-ಎನ್‌ಜಿ. ನಾಲ್ಕನೆಯ ಯಂತ್ರ ಲಾಗ್ ಪಡೆಯುವ ಕಡೆಯದು. ಶೆಲ್‌ನಲ್ಲಿ ಒಂದು ಲೂಪ್ ಬರೆದು, ಲಾಗರ್ ಕಮಾಂಡ್‌ನಿಂದ ಒಂದು, ಎರಡು, ಮೂರು ಎಂದು ಸಂಖ್ಯೆ ಹಾಕಿದ ಸಾಲುಗಳನ್ನು ಕಳಿಸುತ್ತಾ ಹೋದೆ. ಪಡೆಯುವ ಕಡೆ ಸರಣಿಯಲ್ಲಿ ಯಾವ ಸಂಖ್ಯೆ ತಪ್ಪಿದೆ ಎಂದು ಆಕ್ ಎಂಬ ಪಠ್ಯ ಸೋಸುವ ಕಮಾಂಡ್ ಹೇಳುತ್ತಿತ್ತು. ಸಾಲುಗಳಿಗೆ ಲೋಕಲ್3 ಎಂಬ ಫೆಸಿಲಿಟಿ (ಸಂದೇಶ ಯಾವ ವರ್ಗದ್ದು ಎಂಬ ಗುರುತು), ನೋಟಿಸ್ ಎಂಬ ಮಟ್ಟ (ಎಷ್ಟು ಗಂಭೀರ ಎಂಬುದು) ಕೊಟ್ಟಿದ್ದೆ. ಲೋಕಲ್3ರ ಸಂಖ್ಯೆ 19, ನೋಟಿಸ್‌ನದು 5. 19ನ್ನು 8ರಿಂದ ಗುಣಿಸಿ 5 ಕೂಡಿಸಿದರೆ 157. ನೆಟ್‌ವರ್ಕ್‌ನಲ್ಲಿ ಹೋಗುವುದನ್ನು ತೋರಿಸುವ ಟಿಸಿಪಿಡಂಪ್ ಹಾಕಿದರೆ ಪ್ರತಿ ಸಂದೇಶದ ತಲೆಯಲ್ಲೂ ಅದೇ 157 ಕಾಣುತ್ತದೆ. ಎರಿಕ್ ಆಲ್ಮನ್ 1980ರ ದಶಕದಲ್ಲಿ ಸೆಂಡ್‌ಮೇಲ್ ಎಂಬ ಮೇಲ್ ಪ್ರೋಗ್ರಾಂಗಾಗಿ ಬರೆದ ಮೊದಲ ಸಿಸ್‌ಲಾಗ್‌ನಿಂದ ಬಂದ ಈ ಲೆಕ್ಕದ ಮೇಲೆಯೇ ಇವತ್ತಿನ ಡೀಮನ್‌ಗಳೂ ನಿಂತಿವೆ.

ಮೊದಲು ಕಾನ್ಫಿಗ್ ಫೈಲ್‌ನಲ್ಲಿ ಬೇಕೆಂದೇ ಒಂದು ತಪ್ಪು ಬರೆದೆ. ಸಿಸ್‌ಲಾಗ್-ಎನ್‌ಜಿ ಶುರುವಾಗಲು ಒಪ್ಪಲೇ ಇಲ್ಲ. ಓಡುತ್ತಿರುವಾಗ ತಪ್ಪು ಫೈಲ್ ಕೊಟ್ಟು ರೀಲೋಡ್ ಮಾಡಿದರೆ, ದೂರು ಹೇಳಿ ಹಳೆಯ ಕಾನ್ಫಿಗ್‌ನಲ್ಲೇ ಮುಂದುವರಿಯಿತು. ಆರ್‌ಸಿಸ್‌ಲಾಗ್ ಹಾಗಲ್ಲ, ಅರ್ಥವಾಗದ ಭಾಗವನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಂಡು ಎದ್ದುಬಿಟ್ಟಿತು. ಸ್ಟೇಟಸ್ ನೋಡಿದರೆ ಎಲ್ಲ ಹಸಿರು, ಆದರೆ ನಾನು ಬರೆದ ನಿಯಮ ಇಲ್ಲ. ಒಂದೂ ಲಾಗ್ ಇಲ್ಲದಿರುವುದಕ್ಕಿಂತ ಅರ್ಧ ಇರುವುದು ಮೇಲು ಎಂಬುದು ಅದರ ನಿಲುವು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅದಕ್ಕೆ ತಕ್ಕ ಶಿಸ್ತು ನಮ್ಮಲ್ಲಿರಬೇಕು. ಪ್ರತಿ ರೀಸ್ಟಾರ್ಟ್‌ಗೂ ಮುಂಚೆ ಆರ್‌ಸಿಸ್‌ಲಾಗ್‌ಡಿ ಕಮಾಂಡ್‌ಗೆ ಹೈಫನ್, ದೊಡ್ಡ ಎನ್, ಒಂದು ಎಂದು ಕೊಟ್ಟು ಪರೀಕ್ಷಿಸಿ. ಯಾವ ಫೈಲ್‌ನ ಯಾವ ಸಾಲಿನಲ್ಲಿ ತಪ್ಪಿದೆ ಎಂದು ಹೇಳುತ್ತದೆ. ಸಿಸ್‌ಲಾಗ್-ಎನ್‌ಜಿಯಲ್ಲಿ ಈ ಕೆಲಸಕ್ಕೆ ಹೈಫನ್, ಸಣ್ಣ ಎಸ್. ಗೊತ್ತಿಲ್ಲದ ಹೆಸರು ಕಂಡರೆ ಜರ್ನಲ್‌ಡಿ ಒಂದು ಎಚ್ಚರಿಕೆ ಬರೆದು ಮುಂದೆ ಹೋಗುತ್ತದೆ.

ನಾನು ಬಹಳ ದಿನ ತಪ್ಪು ತಿಳಿದಿದ್ದ ಸಂಗತಿ ಹಪ್, ಓಡುತ್ತಿರುವ ಪ್ರೋಗ್ರಾಂಗೆ ಕಳಿಸುವ ಒಂದು ಸಿಗ್ನಲ್. ಸಿಸ್‌ಲಾಗ್-ಎನ್‌ಜಿಗೆ ಹಪ್ ಕಳಿಸಿದರೆ ಕಾನ್ಫಿಗ್ ಮತ್ತೆ ಓದುತ್ತದೆ. ಆರ್‌ಸಿಸ್‌ಲಾಗ್ ಓದುವುದಿಲ್ಲ, ತೆರೆದ ಫೈಲ್‌ಗಳನ್ನು ಮುಚ್ಚಿ ಮತ್ತೆ ತೆರೆಯುತ್ತದೆ, ಅಷ್ಟೆ. ಹಳೆಯ ಲಾಗ್ ಫೈಲ್‌ಗಳನ್ನು ತಿರುಗಿಸುವ ಲಾಗ್‌ರೊಟೇಟ್‌ಗೆ ಅದು ಸಾಕು, ಹೊಸ ನಿಯಮಕ್ಕೆ ರೀಸ್ಟಾರ್ಟ್ ಬೇಕೇ ಬೇಕು. ಲಾಗಿನ್ ಸಂದೇಶಗಳನ್ನು ಬೇರೆ ಫೈಲ್‌ಗೆ ಹಾಕುವ ನಿಯಮ ಬರೆದು, ಹಪ್ ಕಳಿಸಿ, ಕೆಲಸ ಮುಗಿಯಿತೆಂದು ನಾನು ಎದ್ದುಹೋಗಿದ್ದುಂಟು. ಫೈಲ್ ಹುಟ್ಟಿರಲೇ ಇಲ್ಲ.

ಬರೆಯುವ ಸುಖದಲ್ಲಿ ಸಿಸ್‌ಲಾಗ್-ಎನ್‌ಜಿಗೆ ಸಾಟಿಯಿಲ್ಲ. ಎಲ್ಲಿಂದ ಬರುತ್ತದೆ, ಏನನ್ನು ಸೋಸಬೇಕು, ಎಲ್ಲಿಗೆ ಹೋಗಬೇಕು ಎಂದು ಮೂರನ್ನೂ ಹೆಸರಿಟ್ಟು ಬರೆದು, ಕೊನೆಗೆ ಲಾಗ್ ಎಂಬ ಹೇಳಿಕೆಯಲ್ಲಿ ಹೊಂದಿಸುತ್ತೇವೆ. ಆ ಕೊನೆಯ ಹೇಳಿಕೆ ಬರೆಯದಿದ್ದರೆ ಒಂದು ಸಾಲೂ ಹರಿಯುವುದಿಲ್ಲ. ಆರು ತಿಂಗಳು ಬಿಟ್ಟು ತೆರೆದರೂ ಓದಿದರೆ ಅರ್ಥವಾಗುತ್ತದೆ. ಆರ್‌ಸಿಸ್‌ಲಾಗ್‌ನಲ್ಲಿ ಮೂರು ತಲೆಮಾರಿನ ಬರವಣಿಗೆ ಒಂದೇ ಮನೆಯಲ್ಲಿದೆ: ಮೇಲ್, ಚುಕ್ಕೆ, ಇಆರ್‌ಆರ್ ಎಂಬ ಹಳೆಯ ಸಾಲು, ಡಾಲರ್ ಚಿಹ್ನೆಯಿಂದ ಶುರುವಾಗುವ ನಿರ್ದೇಶನಗಳು, ಆಮೇಲೆ ಬಂದ ರೈನರ್‌ಸ್ಕ್ರಿಪ್ಟ್. ಹಳೆಯ ಸಾಲಿನಲ್ಲಿ ಕಳಿಸುವ ವಿಳಾಸದ ಮುಂದೆ ಒಂದು ಅಟ್ ಚಿಹ್ನೆ ಹಾಕಿದರೆ ಯುಡಿಪಿ, ಎರಡು ಹಾಕಿದರೆ ಸಂಪರ್ಕ ಕಟ್ಟಿಕೊಂಡು ಕಳಿಸುವ ಟಿಸಿಪಿ. ಹಳೆಯ ಸಾಲು ಚಿಕ್ಕ ಕೆಲಸಕ್ಕೆ ಚಂದ. ಮೂರನ್ನೂ ಬೆರೆಸಿದ ಫೈಲ್ ಯಾರಿಗೂ ಬೇಡ.

ಆಮೇಲೆ ಪಡೆಯುವ ಯಂತ್ರದ ನೆಟ್‌ವರ್ಕ್ ಕತ್ತರಿಸಿದೆ. ಯುಡಿಪಿಯಲ್ಲಿ ಕತ್ತರಿಸಿದ ಹೊತ್ತಿನ ಸಂಖ್ಯೆಗಳೆಲ್ಲ ಮಾಯ, ಎರಡೂ ಡೀಮನ್‌ಗಳಲ್ಲಿ. ಟಿಸಿಪಿಗೆ ಬದಲಾಯಿಸಿದ ಮಾತ್ರಕ್ಕೆ ಸಮಸ್ಯೆ ತೀರಲಿಲ್ಲ. ಆರ್‌ಸಿಸ್‌ಲಾಗ್‌ನಲ್ಲಿ ಮತ್ತೆ ಪ್ರಯತ್ನಿಸುವ ಎಣಿಕೆ ಮೊದಲಿನಿಂದ ಸೊನ್ನೆ. ಅದನ್ನು ಮೈನಸ್ ಒಂದು (ಬಿಡದೆ ಪ್ರಯತ್ನಿಸು) ಮಾಡಿ, ಕಳಿಸಬೇಕಾದವು ಕಾಯುವ ಕ್ಯೂಗೆ ಒಂದು ಫೈಲ್ ಹೆಸರು ಕೊಟ್ಟ ಮೇಲೆ ಸಾಲುಗಳು ಡಿಸ್ಕ್‌ನಲ್ಲಿ ಕಾದು, ತಂತಿ ಕೂಡಿದೊಡನೆ ಹೊರಟವು. ಸಿಸ್‌ಲಾಗ್-ಎನ್‌ಜಿಯಲ್ಲಿ ಡಿಸ್ಕ್ ಬಫರ್ ಸೇರಿಸಿದರೆ ಅದೇ ಫಲ. ಆದರೂ ಎರಡರಲ್ಲೂ ಒಂದು ಸಣ್ಣ ಬಿರುಕು ಉಳಿಯಿತು: ಸಂಪರ್ಕ ಕಡಿದ ಕ್ಷಣದ ಕೆಲವು ಸಾಲುಗಳು ಸಿಗಲಿಲ್ಲ. ಡೀಮನ್ ಕರ್ನಲ್‌ಗೆ ಒಪ್ಪಿಸಿ ಕೈತೊಳೆದುಕೊಂಡಿರುತ್ತದೆ, ಆ ಬದಿ ಕೈಸೇರಿತೋ ಇಲ್ಲವೋ ಅದಕ್ಕೆ ತಿಳಿಯುವುದಿಲ್ಲ. ಇದಕ್ಕೆಂದೇ ಆರ್‌ಸಿಸ್‌ಲಾಗ್‌ನವರು ರೆಲ್ಪ್ ಎಂಬ ಪ್ರೋಟೊಕಾಲ್ ಮಾಡಿದ್ದಾರೆ. ಪಡೆದವನು ಪ್ರತಿ ಸಂದೇಶಕ್ಕೂ ಸ್ವೀಕೃತಿ ಕಳಿಸುತ್ತಾನೆ. ರೆಲ್ಪ್ ಹಾಕಿದ ಮೇಲೆ ಒಂದು ಸಂಖ್ಯೆಯೂ ತಪ್ಪಲಿಲ್ಲ. ಒಂದೆರಡು ಎರಡು ಸಲ ಬಂದವು, ಅದು ನನಗೆ ಒಪ್ಪಿಗೆ.

ಕೊನೆಗೆ ಲೂಪ್‌ನ ವಿರಾಮ ತೆಗೆದು ಸಾಲುಗಳ ಪ್ರವಾಹ ಹರಿಸಿದೆ. ಜರ್ನಲ್‌ಡಿ ಒಂದು ಸೇವೆಯಿಂದ 30 ಸೆಕೆಂಡಿಗೆ 10,000 ಸಂದೇಶ ಎಂಬ ಮಿತಿಯಿಂದ ಶುರುಮಾಡಿ, ಡಿಸ್ಕ್‌ನಲ್ಲಿ ಖಾಲಿ ಜಾಗ ಹೆಚ್ಚಿದ್ದರೆ ಅದನ್ನು ಹಿಗ್ಗಿಸುತ್ತದೆ. ಮೀರಿದರೆ ಇಷ್ಟು ಸಂದೇಶ ತಡೆದೆ ಎಂದು ಸಂಖ್ಯೆ ಸಮೇತ ಬರೆಯುತ್ತದೆ. ಆ ಪ್ರಾಮಾಣಿಕತೆ ನನಗೆ ತುಂಬ ಹಿಡಿಸಿತು. ನನ್ನ ಆರ್‌ಸಿಸ್‌ಲಾಗ್ ಓದುತ್ತಿದ್ದುದು ಜರ್ನಲ್‌ನಿಂದಲೇ, ಐಎಂಜರ್ನಲ್ ಮಾಡ್ಯೂಲ್ ಮೂಲಕ. ಅದಕ್ಕೆ 10 ನಿಮಿಷಕ್ಕೆ 20,000 ಎಂಬ ತನ್ನದೇ ಮಿತಿ ಇದೆ. ಒಂದರ ಹಿಂದೆ ಒಂದು ಎರಡು ಒಡ್ಡು. ಮೊದಲನೆಯದನ್ನು ಎತ್ತರಿಸಿ ಎರಡನೆಯದನ್ನು ಮರೆತರೆ ಪ್ರಯೋಜನವಿಲ್ಲ. ಸಿಸ್‌ಲಾಗ್-ಎನ್‌ಜಿಯಲ್ಲಿ ಸಿಸ್‌ಲಾಗ್-ಎನ್‌ಜಿ-ಸಿಟಿಎಲ್ ಸ್ಟ್ಯಾಟ್ಸ್ ಎಂದು ಕೊಟ್ಟರೆ ಎಲ್ಲಿಗೆ ಹೋಗಬೇಕಾದ ಎಷ್ಟು ಸಾಲು ಬಿದ್ದವು ಎಂಬ ಲೆಕ್ಕ ಸಿಗುತ್ತದೆ. ಆರ್‌ಸಿಸ್‌ಲಾಗ್‌ನಲ್ಲಿ ಅಂಥ ಲೆಕ್ಕಕ್ಕೆ ಐಎಂಪಿಸ್ಟ್ಯಾಟ್ಸ್ ಮಾಡ್ಯೂಲನ್ನು ನಾವೇ ಸೇರಿಸಬೇಕು.

ಜರ್ನಲ್‌ಡಿಯನ್ನು ಬೈಯುವವರು ಅದರ ಬೈನರಿ ಫೈಲನ್ನು ತೋರಿಸುತ್ತಾರೆ. ಪಠ್ಯ ಹುಡುಕುವ ಗ್ರೆಪ್ ನೇರವಾಗಿ ನಡೆಯುವುದಿಲ್ಲ ಎಂಬುದು ಸರಿಯೇ. ಆದರೆ ಒಂದು ಪ್ರಯೋಗ ಮಾಡಿ: ಲಾಗರ್‌ಗೆ ಹೈಫನ್ ಟಿ ಕೊಟ್ಟು ದೂರದಿಂದ ಲಾಗಿನ್ ಒದಗಿಸುವ ಎಸ್‌ಎಸ್‌ಎಚ್‌ಡಿಯ ಹೆಸರಿನಲ್ಲಿ ಒಂದು ಸುಳ್ಳು ಸಾಲು ಬರೆಯಿರಿ. ಪಠ್ಯದ ಲಾಗ್‌ನಲ್ಲಿ ಅದಕ್ಕೂ ನಿಜವಾದ ಸಾಲಿಗೂ ವ್ಯತ್ಯಾಸ ತಿಳಿಯುವುದು ಕಷ್ಟ. ಜರ್ನಲ್ ಓದುವ ಜರ್ನಲ್‌ಸಿಟಿಎಲ್‌ನಲ್ಲಿ ವರ್ಬೋಸ್ (ವಿವರವಾದ) ರೂಪ ಕೇಳಿದರೆ, ಬರೆದದ್ದು ಲಾಗರ್ ಎಂಬ ಪ್ರೋಗ್ರಾಂ ಎಂದು ಜರ್ನಲ್‌ಡಿ ತಾನೇ ಸೇರಿಸಿದ ಫೀಲ್ಡ್ ಹೇಳಿಬಿಡುತ್ತದೆ. ಆ ಫೀಲ್ಡ್‌ಗಳ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗುತ್ತದೆ, ಕಳಿಸುವವನಿಗೆ ಅವನ್ನು ತುಂಬಲು ಬರುವುದಿಲ್ಲ. ಹಿಂದಿನ ಬೂಟ್‌ನ ದೋಷಗಳನ್ನಷ್ಟೇ ತೋರಿಸು ಎಂದು ಒಂದೇ ಕಮಾಂಡ್‌ನಲ್ಲಿ ಕೇಳುವ ಅನುಕೂಲವೂ ಉಳಿದವುಗಳಲ್ಲಿ ಇಲ್ಲ.

ಪುಟ್ಟ ಯಂತ್ರಗಳಿಗೆ ಬಳಸುವ ಬಿಸಿಬಾಕ್ಸ್‌ನ ಸಿಸ್‌ಲಾಗ್‌ಡಿಯನ್ನೂ ಒಂದು ಸಣ್ಣ ಬೋರ್ಡ್‌ನಲ್ಲಿ ನೋಡಿದೆ. 200 ಕಿಲೋಬೈಟ್‌ಗೆ ಫೈಲ್ ತಿರುಗಿಸಿ ಹಳೆಯದೊಂದನ್ನು ಉಳಿಸಿಕೊಳ್ಳುತ್ತದೆ. ಆ ಜಾಗಕ್ಕೆ ಅದೇ ಸರಿ.

ಈಗ ನನ್ನ ಎಲ್ಲ ಯಂತ್ರಗಳಲ್ಲೂ ಜರ್ನಲ್‌ಡಿಯ ಸ್ಟೋರೇಜ್ ಪರ್ಸಿಸ್ಟೆಂಟ್, ಅಂದರೆ ಡಿಸ್ಕ್‌ಗೆ ಬರೆಯುವುದು. ಹತ್ತಿರ ಕೂತು ಓದಲು ಅದೇ. ಕೇಂದ್ರಕ್ಕೆ ಕಳಿಸುವುದು ಆರ್‌ಸಿಸ್‌ಲಾಗ್, ರೆಲ್ಪ್‌ನಲ್ಲಿ, ಡಿಸ್ಕ್ ಕ್ಯೂ ಸಮೇತ. ಮನಸ್ಸಿಗೆ ಹಿಡಿಸಿದ ಕಾನ್ಫಿಗ್ ಸಿಸ್‌ಲಾಗ್-ಎನ್‌ಜಿಯದೇ. ಹತ್ತಾರು ಮೂಲಗಳನ್ನು ಬಿಡಿಸಿ ಹಂಚುವ ಕೆಲಸವಿದ್ದರೆ, ಆ ಸಣ್ಣ ಬಿರುಕು ಸಹಿಸಬಹುದಾದರೆ, ಅದನ್ನೇ ಆರಿಸುತ್ತಿದ್ದೆ. ಸಂಖ್ಯೆ ಹಾಕುವ ಲೂಪನ್ನು ನಿಲ್ಲಿಸಿಲ್ಲ. ಹೇಳಿದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ಈಗ ಪ್ರತಿ ಯಂತ್ರದಿಂದ ನಿಮಿಷಕ್ಕೊಂದು ಸಾಲು ಕಳಿಸುತ್ತದೆ, ಸರಣಿಯಲ್ಲಿ ಒಂದು ತಪ್ಪಿದರೂ ನನಗೆ ಮೇಲ್ ಬರುತ್ತದೆ.